ಡೇರೆ ಸಿನಿಮಾದ ಮಾಲೀಕರಿಗೆ, ಹುಡುಗಿಯ ತಂದೆಯಿಂದ

ಮಡಿಕೇರಿ,
೧೯೩೮ನೇ ಇಸವಿ, ಸೆಪ್ಟೆಂಬರ್

ಶ್ರೀ ಮರುಳಸಿದ್ದಪ್ಪನವರ ಸನ್ನಿಧಾನಕ್ಕೆ,
ಮಾಲೀಕರು, ಶ್ರೀ ರೇವಣಸಿದ್ಧೇಶ್ವರ ಟೂರಿಂಗ್ ಟಾಕೀಸ್,
ಬಿಡಾರ: ಡೇರೆ ಹೊಡೆದ ಊರು.

ಮಾನ್ಯರೇ,

ತಾವೂ, ತಮ್ಮ ಡೇರೆಯೂ, ಡೇರೆಯ ಹಿಂದೆ ನಿಂತು ಊರಿಗೆಲ್ಲ ಕೇಳುವಂತೆ ಕೆಮ್ಮುವ ತಮ್ಮ ಎಣ್ಣೆ ಎಂಜಿನ್ನೂ ಕ್ಷೇಮವೆಂದು ನಂಬಿ, ಸರ್ಕಾರಿ ಕಚೇರಿಯ ನಿವೃತ್ತ ಶಿರಸ್ತೇದಾರ ವೆಂಕಟಕೃಷ್ಣಯ್ಯನು ಮಾಡುವ ವಂದನೆಗಳು. ಇದನ್ನು ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡಬಹುದಿತ್ತು. ಆದರೆ ತಮ್ಮ ವಿಳಾಸ ವಾರಕ್ಕೊಂದು ಊರು ಬದಲಾಯಿಸುವುದರಿಂದ, ಅಂಚೆಯವನು ತಮ್ಮನ್ನು ಹುಡುಕುತ್ತ ಶ್ರೀಮಂಗಲದಿಂದ ಸಂಪಾಜೆಯ ತನಕ ಅಲೆದು ಕಡೆಗೆ ತಮ್ಮಲ್ಲೇ ಕೆಲಸಕ್ಕೆ ಸೇರಿಕೊಂಡಾನು ಎಂಬ ಭಯದಿಂದ ಬಹಿರಂಗವಾಗಿಯೇ ಅಚ್ಚು ಹಾಕಿಸುತ್ತಿದ್ದೇನೆ.

ಮೊದಲು ತಮ್ಮ ಉಪಕಾರವನ್ನು ನೆನೆಯುತ್ತೇನೆ. ಕಳೆದ ಜನವರಿಯಲ್ಲಿ ತಾವು ಗಾಡಿಯ ಮೇಲೆ ಬ್ಯಾಂಡು ಬಾರಿಸುತ್ತ, ಹ್ಯಾಂಡ್‌ಬಿಲ್ಲು ತೂರುತ್ತ ನಮ್ಮೂರಿಗೆ ಬರುವ ತನಕ, ಪ್ರೇಮಕ್ಕೆ ಅಂತಸ್ತಿನ ಹಂಗಿಲ್ಲವೆಂಬ ಸಂಗತಿ ಮಡಿಕೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾವು ಹಿಂದುಳಿದ ಜನ. ಹುಡುಗನ ಮನೆತನ, ಜಮೀನು, ಓದು, ಗೋತ್ರ ಇಷ್ಟನ್ನೇ ವಿಚಾರಿಸಿ ಮದುವೆ ಮಾಡುತ್ತ ಅಜ್ಞಾನದಲ್ಲಿ ಸುಖವಾಗಿದ್ದೆವು. ತಾವು ತಂದ ಇಂಗ್ಲಿಷ್ ಚಿತ್ರದಲ್ಲಿ ಹಡಗುಗಳ ಒಡೆಯನೊಬ್ಬನ ಮಗಳು, ಮನೆಯ ಗಡಿಯಾರಗಳಿಗೆ ಕೀಲಿ ಕೊಡಲು ಬರುವ ಬಡ ಯುವಕನನ್ನು ಮೆಚ್ಚಿ, ಒಂದೇ ಕಣ್ಣಿಗೆ ಕನ್ನಡಕ ಹಾಕುವ ಜಮೀನುದಾರ ವರನನ್ನು ಬೇಡವೆನ್ನುತ್ತಾಳೆ. ನಡುನಡುವೆ ದೊಡ್ಡ ಮನುಷ್ಯರು ಜಾರುವುದು, ಬೀಳುವುದು, ಕೇಕಿನ ಮೇಲೆ ಕೂರುವುದು ಇತ್ಯಾದಿ ವಿನೋದವೂ ಉಂಟು. ತಾವು ಇಷ್ಟಕ್ಕೇ ನಿಲ್ಲಿಸಿದ್ದರೆ, ಪರದೇಶದವರ ಹುಚ್ಚು ಎಂದು ನಕ್ಕು ಮನೆಗೆ ಹೋಗುತ್ತಿದ್ದೆವು. ಆದರೆ ಇಂಗ್ಲಿಷ್ ಬಾರದವರೂ ಈ ಜ್ಞಾನದಿಂದ ವಂಚಿತರಾಗಬಾರದೆಂಬ ಉದಾರ ಬುದ್ಧಿಯಿಂದ, ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆ ಹೇಳಲು ತಾವು ಒಬ್ಬ ಯುವಕನನ್ನು ನೇಮಿಸಿಕೊಂಡಿದ್ದಿರಿ. ನನ್ನ ದೂರು ಅಲ್ಲಿಂದ ಶುರುವಾಗುತ್ತದೆ.

ಆ ಯುವಕ ಭಾಗಮಂಡಲದ ಅಡಿಗೆ ನರಸಿಂಹ ಭಟ್ಟರ ಮಗ ತಿರುಮಲೇಶ್ವರ. ಭಟ್ಟರು ನಮ್ಮ ಕಡೆಯ ಮದುವೆ ಮುಂಜಿಗಳಿಗೆಲ್ಲ ಅಡಿಗೆ ಮಾಡುವವರು. ಮಗ ಮಡಿಕೇರಿಯಲ್ಲಿ ವಾರಾನ್ನದಿಂದ ಓದಿದ. ದಿನಕ್ಕೊಂದು ಮನೆಯಲ್ಲಿ ಅವನ ಊಟ, ಬುಧವಾರ ನಮ್ಮಲ್ಲಿ. ಅವನಿಗೆ ಪುಸ್ತಕ ಕೊಳ್ಳುವ ಶಕ್ತಿ ಇಲ್ಲದ್ದರಿಂದ ನನ್ನ ಮಗಳು ಕಾತ್ಯಾಯನಿ ತನ್ನ ಇಂಗ್ಲಿಷ್ ಪಠ್ಯಪುಸ್ತಕವನ್ನು ಅವನಿಗೆ ಕೊಡುತ್ತಿದ್ದಳು. ಪುಸ್ತಕ ಹಾಳಾಗದೆ ಹಿಂದಿರುಗುತ್ತಿತ್ತು ಎಂಬುದಷ್ಟೇ ನನ್ನ ಗಮನಕ್ಕೆ ಬಂದಿತ್ತು. ಓದು ಮುಗಿದರೂ ಎಲ್ಲಿಯೂ ಕೆಲಸ ಸಿಗದೆ ಅವನು ತಮ್ಮ ಡೇರೆ ಸೇರಿದ. ಮಗಳಿಗೆ ನಾನು ಮಂಗಳೂರಿನ ದೊಡ್ಡ ವಕೀಲರೊಬ್ಬರ ಮಗನನ್ನು ನೋಡಿದೆ. ಹುಡುಗನೂ ಕಾನೂನು ಓದಿದವನು. ಮಗಳನ್ನು ಕೇಳಿದಾಗ ಅವಳು ಮಾತಾಡಲಿಲ್ಲ. ಮಾತಾಡದಿರುವುದು ಒಪ್ಪಿಗೆಯೆಂದು ತಿಳಿಯುವುದು ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ.

ನಿಶ್ಚಯ ತಾಂಬೂಲದ ಹಿಂದಿನ ಸಂಜೆ ವಕೀಲರು, ಅವರ ಹೆಂಡತಿ ಮತ್ತು ಮಗ ಸಂಪಾಜೆ ಘಟ್ಟ ಹತ್ತಿ ಮೋಟಾರಿನಲ್ಲಿ ಬಂದಿಳಿದರು. ಕಾಫಿ ಕುಡಿಯುತ್ತಿದ್ದಂತೆ ತಮ್ಮ ಹ್ಯಾಂಡ್‌ಬಿಲ್ಲು ವಕೀಲರ ಕಣ್ಣಿಗೆ ಬಿತ್ತು. "ಇಂಗ್ಲಿಷ್ ಪಿಕ್ಚರ್ ಉಂಟಲ್ಲ ಮಾರಾಯ್ರೆ, ಹೋಗುವ," ಎಂದರು. ಬೀಗರಾಗುವವರ ಮಾತು ಮೀರುವುದುಂಟೇ? ಎಲ್ಲರೂ ಹೊರಟೆವು. ಗಂಡಸರು ಕುರ್ಚಿಯಲ್ಲಿ ಕುಳಿತೆವು. ನನ್ನ ಹೆಂಡತಿ ತ್ರಿಪುರಸುಂದರಿ, ಮಗಳು ಮತ್ತು ವಕೀಲರ ಹೆಂಡತಿ ಬಟ್ಟೆಯ ಮರೆಯಾಚೆ ಹೆಂಗಸರ ಕಡೆ ಕುಳಿತರು.

ಮಾನ್ಯರೇ, ತಮ್ಮ ಯುವಕನ ಕಂಠ ಚೆನ್ನಾಗಿದೆ. ಆರಂಭದಲ್ಲಿ ಅನುವಾದವೂ ಶುದ್ಧವಾಗಿಯೇ ಇತ್ತು. ಅವನ ದೃಷ್ಟಿ ಕುರ್ಚಿಗಳ ಸಾಲಿಗೆ ಬಿದ್ದು, ನನ್ನ ಪಕ್ಕದಲ್ಲಿ ಕುಳಿತ ರೇಷ್ಮೆ ಶಲ್ಯದ ವರನನ್ನು ಕಂಡಮೇಲೆ ಕನ್ನಡ ಬೇರೆ ದಾರಿ ಹಿಡಿಯಿತು. ಪರದೆಯ ಮೇಲೆ ಹಡಗಿನ ಒಡೆಯ ತಿಂಡಿಯ ಮೇಜಿನಲ್ಲಿ ಬೆಣ್ಣೆ ಗಟ್ಟಿಯಾಗಿದೆಯೆಂದು ಗದರಿದ. ತಮ್ಮ ಯುವಕ ಹೇಳಿದ್ದು ಹೀಗೆ: "ಈ ತಂದೆಗೆ ಮಗಳ ಮೇಲೆ ಬಹಳ ಪ್ರೀತಿ. ಎಲ್ಲವನ್ನೂ ಕೊಟ್ಟಿದ್ದಾರೆ. ನಿನಗೆ ಏನು ಬೇಕು ಎಂದು ಕೇಳುವುದೊಂದು ಮರೆತುಹೋಗಿದೆ." ನೆಲದ ಮೇಲೆ ಕುಳಿತ ಜನ ನಿಟ್ಟುಸಿರು ಬಿಟ್ಟರು. ನಾನು ಬೆಣ್ಣೆಯನ್ನೇ ನೋಡುತ್ತಿದ್ದೆ.

ಮುಂದೆ, ನಾಯಕ ಏಣಿ ಹತ್ತಿ ದೊಡ್ಡ ಗಡಿಯಾರದ ಹೊಟ್ಟೆಯೊಳಗೆ ಕೈ ಹಾಕಿದವನು, ಕೆಳಗೆ ನಿಂತ ನಾಯಕಿಯಿಂದ ಸಣ್ಣ ಸ್ಕ್ರೂಡ್ರೈವರ್ ಕೇಳುತ್ತಾನೆ. ಇಂಗ್ಲಿಷಿನಲ್ಲಿ ಅದು ಅರ್ಧ ಸಾಲು. ಕನ್ನಡದಲ್ಲಿ ಬಂದದ್ದು ಇದು: "ನಾನು ನಿಮ್ಮ ಮನೆಯಲ್ಲಿ ಬುಧವಾರ ಬುಧವಾರ ಉಂಡವನು. ನನಗೆ ಮನೆಯಿಲ್ಲ, ಮೋಟಾರಿಲ್ಲ. ಇಷ್ಟು ವರ್ಷ ಹೇಳದ್ದನ್ನು ಈಗ ಹೇಳದಿದ್ದರೆ ಮತ್ತೆ ಹೇಳುವ ಹಕ್ಕು ಇರುವುದಿಲ್ಲ. ನಾಳೆ ನಿಮ್ಮನ್ನು ಕೇಳುತ್ತಾರೆ. ನೀವು ಹೂಂ ಎಂದರೆ ಈ ಡೇರೆಯ ಜೊತೆ ಘಟ್ಟ ಇಳಿದು ಹೋಗುತ್ತೇನೆ. ಇಲ್ಲ ಎಂದರೆ ನಿಮ್ಮಪ್ಪನ ಮುಂದೆ ಬಂದು ನಿಲ್ಲುತ್ತೇನೆ."

ಡೇರೆಯಲ್ಲಿ ಯಾರೂ ನಗಲಿಲ್ಲ. ಬಟ್ಟೆಯ ಮರೆಯಾಚೆಯಿಂದ ಮಾತ್ರ ಒಂದು ನಗು ಕೇಳಿಸಿತು. ನಕ್ಕವಳಿಗೆ ಎರಡು ಭಾಷೆಯೂ ಬರುತ್ತಿತ್ತು. ಆ ನಗು ನನ್ನ ಮನೆಯದು. ಅದು ಕೊನೆಯಲ್ಲಿ ಅಳುವಾದದ್ದೂ ನನಗೆ ಕೇಳಿಸಿತು.

ವಕೀಲರು ನನ್ನ ಕಿವಿಯ ಬಳಿ ಬಾಗಿದರು. "ಅವ ಕೇಳಿದ್ದು ಸ್ಕ್ರೂಡ್ರೈವರ್ ಅಲ್ವಾ?"

"ಹೌದು," ಎಂದೆ. "ಕನ್ನಡದಲ್ಲಿ ಅದಕ್ಕೆ ಶಬ್ದ ಇಲ್ಲ. ಸ್ವಲ್ಪ ಸುತ್ತಿ ಹೇಳಬೇಕಾಗ್ತದೆ."

ಮಾನ್ಯರೇ, ಸರ್ಕಾರದ ಸೇವೆಯಲ್ಲಿ ಇಡೀ ಆಯುಷ್ಯ ಕಳೆದರೂ ಅಂಥ ಸುಳ್ಳು ನನ್ನ ಬಾಯಿಂದ ಬಂದಿರಲಿಲ್ಲ. ಅದಕ್ಕಾಗಿಯೂ ತಮಗೆ ಕೃತಜ್ಞ.

ಮರುದಿನ ಬೆಳಗ್ಗೆ ಚಾವಡಿಯಲ್ಲಿ ಜಮಖಾನೆ ಹಾಸಿ, ಪುರೋಹಿತರು ಕುಳಿತು, ಹಿತ್ತಲಲ್ಲಿ ಒಲೆ ಹೂಡಿ ಸಾಕ್ಷಾತ್ ನರಸಿಂಹ ಭಟ್ಟರೇ ಹೋಳಿಗೆ ಬೇಯಿಸುತ್ತಿದ್ದಾಗ, ವಕೀಲರು ಶಾಸ್ತ್ರಕ್ಕೆಂದು ಮಗಳನ್ನು, "ಏನಮ್ಮಾ, ನಿನಗೆ ಒಪ್ಪಿಗೆ ಉಂಟಲ್ಲ?" ಎಂದು ಕೇಳಿದರು. ಪುರೋಹಿತರು ಆಗಲೇ ತಾಂಬೂಲದ ತಟ್ಟೆ ಎತ್ತಿದ್ದರು.

"ಇಲ್ಲ," ಎಂದಳು ಕಾತ್ಯಾಯನಿ. "ದೊಡ್ಡವರು ಕ್ಷಮಿಸಬೇಕು. ನಿಮ್ಮ ಮಗನಲ್ಲಿ ಏನೂ ಕೊರತೆ ಇಲ್ಲ. ನನ್ನ ಮನಸ್ಸು ಬೇರೆ ಕಡೆ ಉಂಟು."

ನಾನು, "ಕಾತ್ಯಾ, ಇದೇನು ಎಲ್ಲರ ಎದುರು?" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಅವರು ನಿನ್ನೆ ಅಷ್ಟು ಜನರ ಎದುರು ಕೇಳಿದ್ರು ಅಪ್ಪಯ್ಯ. ನಾನು ಇಷ್ಟು ಜನರ ಎದುರಾದ್ರೂ ಹೇಳ್ಬೇಡ್ವಾ?"

ವಕೀಲರು ಸಭ್ಯರು. ಒಂದೂ ಕೆಟ್ಟ ಮಾತಾಡದೆ ಎದ್ದು ಶಲ್ಯ ಹೊದ್ದುಕೊಂಡರು. ಹುಡುಗ ನೆಲ ನೋಡುತ್ತ ಅವರ ಹಿಂದೆ ನಡೆದ. ಆ ಹುಡುಗನ ಬಗ್ಗೆ ನನಗೆ ಇವತ್ತಿಗೂ ಮರುಕವಿದೆ. ವಕೀಲರ ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೆ, "ಏಣಿ ಮೇಲಿದ್ದವ ಅಷ್ಟು ಹೇಳಿದ್ಮೇಲೆ ಇನ್ನೇನು ಮಾಡ್ಲಿಕ್ಕಾಗ್ತದೆ ಹೇಳಿ," ಎಂದು ಪಿಸುಗುಟ್ಟಿ ಹೋದರು. ಮೋಟಾರು ಹೊರಟಿತು. ಆಗ ಹಿತ್ತಲಿನಿಂದ ಭಟ್ಟರು ಬೆವರೊರೆಸಿಕೊಳ್ಳುತ್ತ ಬಂದು, "ಶಿರಸ್ತೇದಾರ್ರೇ, ಎಲೆ ಹಾಕಿಸ್ಲಾ?" ಎಂದು ಕೇಳಿದರು.

ಹೇಳಬೇಕಾದ್ದನ್ನು ನಾನೇ ಹೇಳಿದೆ. ಅವರು ನನ್ನ ಕಾಲಿಗೆ ಬೀಳುತ್ತಾರೆ, ನಾನು ಸ್ವಲ್ಪ ಸಿಟ್ಟು ಮಾಡಿ ಆಮೇಲೆ ಯೋಚಿಸುತ್ತೇನೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಭಟ್ಟರು ಕಂಬಕ್ಕೆ ಒರಗಿ ನಿಂತು, "ಬೇಡ," ಎಂದರು.

"ಏನು ಬೇಡ?"

"ಈ ಸಂಬಂಧ ಬೇಡ. ನಿಮ್ಮ ಮಗು ಒಳ್ಳೇದೇ. ಆದ್ರೆ ನಮ್ಮ ಮನೆಗೆ ಆಗುವುದಿಲ್ಲ. ನಾಳೆ ಜನ ಏನಂತಾರೆ? ಭಟ್ಟ ಅಡಿಗೆಗೆ ಹೋದ ಮನೆಯಿಂದ ಹುಡುಗಿಯನ್ನೇ ಎತ್ಕೊಂಡು ಬಂದ ಅಂತಾರೆ. ಹೆಣ್ಣುಮಕ್ಕಳಿರುವ ಮನೆಯ ಹಿತ್ತಲಿಗೆ ಮತ್ತೆ ನನ್ನನ್ನು ಯಾರು ಬಿಡ್ತಾರೆ? ಅವನಿಗೆ ಸಿನಿಮಾ ಉಂಟು. ನನಗೆ ಒಲೆ ಬಿಟ್ಟು ಬೇರೆ ಏನುಂಟು?"

ಮಾನ್ಯರೇ, ನನ್ನ ದೂರಿನ ಮುಖ್ಯ ಭಾಗ ಇದೇ. ತಮ್ಮ ಚಿತ್ರದ ನಾಯಕನಿಗೆ ತಂದೆಯೇ ಇಲ್ಲ. ಸಿರಿವಂತ ತಂದೆ ಕೂಗಾಡುತ್ತಾನೆ, ಅಳುತ್ತಾನೆ, ಕಡೆಗೆ ಒಪ್ಪುತ್ತಾನೆ, ದೀಪ ಹತ್ತುತ್ತದೆ, ಜನ ಎದ್ದು ಮನೆಗೆ ಹೋಗುತ್ತಾರೆ. ಬಡ ತಂದೆ ಒಪ್ಪದಿದ್ದರೆ ಸಿರಿವಂತ ತಂದೆ ಏನು ಮಾಡಬೇಕೆಂದು ತಮ್ಮ ಅಷ್ಟು ರೀಲುಗಳಲ್ಲಿ ಒಂದು ಮಾತಾದರೂ ಇದೆಯೇ? ನಾನು ಯಾವ ಮಾದರಿಯೂ ಇಲ್ಲದೆ ನಿಂತೆ. ನನ್ನ ಮಗಳನ್ನು ಒಬ್ಬ ಅಡಿಗೆಯವನು ಬೇಡವೆನ್ನುವುದೇ ಎಂಬ ಸಿಟ್ಟಿನಲ್ಲಿ, ಅರ್ಧ ಗಂಟೆಯ ಹಿಂದೆ ನಾನೇ ಸಾಧ್ಯವಿಲ್ಲ ಎನ್ನಲಿದ್ದ ಮದುವೆಯ ಪರವಾಗಿ ವಾದಿಸತೊಡಗಿದೆ. ಹುಡುಗ ವಿದ್ಯಾವಂತನೆಂದೆ. ಧೈರ್ಯವಂತನೆಂದೆ. ಸಿನಿಮಾ ಕೂಡ ಗೌರವದ ಕೆಲಸವೆಂದೆ. ಭಟ್ಟರು ಕೇಳಿಸಿಕೊಂಡು, ತಮ್ಮ ಸೌಟುಗಳನ್ನು ತೊಳೆಸಿ ಕಟ್ಟಿಕೊಂಡು ಬಸ್ಸು ಹತ್ತಿದರು. ಸಂಜೆ ಅವರ ಮಗ ಹೇಳಿದಂತೆಯೇ ಬಂದು ನನ್ನ ಮುಂದೆ ನಿಂತ. ನಾನು ಅವನಿಗೆ, "ಮೊದಲು ನಿಮ್ಮಪ್ಪನನ್ನು ಒಪ್ಪಿಸು," ಎಂದೆ. ಅವನು, "ನನ್ನ ಹತ್ರ ಅವರು ಮಾತಾಡುವುದಿಲ್ಲ. ನೀವೇ ಒಪ್ಪಿಸ್ಬೇಕು," ಎಂದ.

ಹಾಗೆ ನಾನು ಭಾಗಮಂಡಲಕ್ಕೆ ಹೋದೆ. ಭಟ್ಟರ ಮನೆ ದೇವಸ್ಥಾನದ ಕೆಳಗಿನ ಓಣಿಯಲ್ಲಿ, ತಲೆ ಬಗ್ಗಿಸಿ ಒಳಹೋಗಬೇಕು. ಅವರು ಚಾಪೆ ಹಾಸಿದರು, ನೀರು ಬೆಲ್ಲ ಕೊಟ್ಟರು. ಊಟದ ಹೊತ್ತಾಯಿತು. ನಾನು ಏಳಲಿಲ್ಲ. ನಾವು ಅವರ ಕೈಯಡಿಗೆಯನ್ನು ಊರೆಲ್ಲ ಉಂಡಿದ್ದೇವೆ, ಅವರ ಮನೆಯಲ್ಲಿ ಕುಳಿತು ಯಾರೂ ಉಂಡಿಲ್ಲ ಎಂಬುದು ಚಾಪೆಯ ಮೇಲೆ ಕುಳಿತಾಗ ಹೊಳೆಯಿತು. ಭಟ್ಟರು ನೋಡಿದರು, ಒಳಗೆ ಹೋದರು, ಎರಡು ಎಲೆ ಹಾಕಿದರು. ಗಂಜಿ, ಮಾವಿನ ಮಿಡಿ, ಕೆಸುವಿನ ಸೊಪ್ಪಿನ ಗೊಜ್ಜು. ಉಂಡು ಕೈ ತೊಳೆದ ಮೇಲೆ ಅವರು ಹೇಳಿದರು: "ಒಂದು ಮಾತು ನಡೆಸಿಕೊಡ್ತೀರಾದ್ರೆ ಆಗ್ಬಹುದು. ಮದುವೆಗೆ ನಾನು ಅಡಿಗೆ ಮಾಡುವುದಿಲ್ಲ. ಮೊದಲ ಪಂಕ್ತಿಯಲ್ಲಿ ಕೂತ್ಕೊಳ್ತೇನೆ. ನೀವು ಬಡಿಸ್ಬೇಕು."

ಮೇ ತಿಂಗಳಲ್ಲಿ ಮದುವೆಯಾಯಿತು. ಬೇರೆ ಊರಿನಿಂದ ಕರೆಸಿದ ಅಡಿಗೆಯವರು ಸಾರನ್ನು ಕೆಡಿಸಿ, ಪಾಯಸವನ್ನು ಸೀಯಿಸಿದರು. ಉಂಡವರೆಲ್ಲ ನನ್ನನ್ನು ನೋಡಿ ಕನಿಕರಪಟ್ಟರು. ಭಟ್ಟರು ಹೊಸ ಪಂಚೆ ಉಟ್ಟು ಮೊದಲ ಪಂಕ್ತಿಯ ಮೊದಲ ಎಲೆಗೆ ಕುಳಿತರು. ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಬಡಿಸುವವರು ಬಂದಾಗಲೆಲ್ಲ ಏಳಲು ಹೋಗಿ ಮತ್ತೆ ಕುಳಿತರು. ನಾನು ಸೊಂಟಕ್ಕೆ ಶಲ್ಯ ಬಿಗಿದು ತುಪ್ಪದ ಗಿಂಡಿ ಹಿಡಿದು ಬಗ್ಗಿದೆ. ಎಲ್ಲರೂ ನೋಡುತ್ತಿದ್ದರು. ಅವರು ಸೀದ ಪಾಯಸವನ್ನು ಒಂದಗುಳೂ ಬಿಡದೆ ಉಂಡು, "ಚೆನ್ನಾಗುಂಟು," ಎಂದರು. ಆಮೇಲೆ ತಲೆ ಎತ್ತಲಿಲ್ಲ. ನನಗೂ ಸ್ವಲ್ಪ ಹೊತ್ತು ಗಿಂಡಿ ಸರಿಯಾಗಿ ಕಾಣಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ವಿಜ್ಞಾಪನೆ. ಚಿತ್ರ ತಯಾರಿಸಿದ ದೊರೆಗಳಿಗೆ ತಾವು ಬರೆದು, ಗಡಿಯಾರದವನ ತಂದೆ ಹುಡುಗಿ ಬೇಡವೆನ್ನುವ ಇನ್ನೊಂದು ರೀಲು ತೆಗೆಸಿ ತರಿಸಬೇಕು. ಅದು ಸಾಧ್ಯವಾಗದಿದ್ದರೆ, ಮಗಳಿರುವ ತಂದೆಯರಿಗೆ ತಮ್ಮ ಡೇರೆಯಲ್ಲಿ ಬೆನ್ನು ಪರದೆಯ ಕಡೆಗಿರುವ ಕುರ್ಚಿಗಳನ್ನು ಹಾಕಿಸಬೇಕು. ತಮ್ಮ ಯುವಕನನ್ನು ನಾನು ಕಿತ್ತುಕೊಂಡೆನೆಂದು ತಾವು ಹೇಳುತ್ತಿರುವಿರಂತೆ. ಅವನಿಗೆ ಕೋರ್ಟಿನಲ್ಲಿ ದುಭಾಷಿಯ ಕೆಲಸ ಸಿಕ್ಕಿದ್ದು ನಿಜ. ಕನ್ನಡದ ಸಾಕ್ಷಿಗಳ ಹೇಳಿಕೆಯನ್ನು ಇಂಗ್ಲಿಷಿಗೆ ಮಾಡುತ್ತಾನೆ. ಮೊನ್ನೆ ಒಬ್ಬ ಕೋಳಿ ಕಳ್ಳನ ಹೇಳಿಕೆ ಕೇಳಿ ನ್ಯಾಯಾಧೀಶ ದೊರೆಗಳು ಕಣ್ಣೊರೆಸಲು ಕರವಸ್ತ್ರ ತೆಗೆದರಂತೆ. ನಾನು ಏನನ್ನೂ ವಿಚಾರಿಸಿಲ್ಲ. ಮಗಳು ಸುಖವಾಗಿದ್ದಾಳೆ. ಈ ಒಂದು ವಿಷಯದಲ್ಲಿ ತಮ್ಮ ಮೇಲೆ ದೂರು ಕೊಡಲು ನಾನು ಬಹಳ ಪ್ರಯತ್ನಿಸಿಯೂ ಸೋತಿದ್ದೇನೆ.

ತಮ್ಮ ಡೇರೆಗೆ ಗಾಳಿ ಹಗುರವಾಗಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ವೆಂಕಟಕೃಷ್ಣಯ್ಯ

ಮರೆತ ಮಾತು: ದಸರೆಗೆ ತಾವು ಮತ್ತೆ ಬರುವುದಾಗಿಯೂ, ಈ ಸಲದ ಚಿತ್ರ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯೊಬ್ಬಳು ಒಂದು ಬೆಳಗ್ಗೆ ಪೆಟ್ಟಿಗೆ ಕಟ್ಟಿ ಗಂಡನನ್ನು ಬಿಟ್ಟು ಹೊರಡುವ ವಿನೋದಮಯ ಕಥೆಯೆಂದೂ ತಮ್ಮ ಹ್ಯಾಂಡ್‌ಬಿಲ್ಲು ಹೇಳುತ್ತದೆ. ನನ್ನ ಹೆಂಡತಿ ಅದನ್ನು ಓದಿ, ಮಡಿಸಿ, ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಏಕೆಂದು ಕೇಳಿದರೆ ಮಾತಾಡುವುದಿಲ್ಲ. ಈ ಚಿತ್ರಕ್ಕೆ ಕನ್ನಡದಲ್ಲಿ ಕಥೆ ಹೇಳುವವರು ಯಾರೆಂದು ದಯವಿಟ್ಟು ಮರುಟಪಾಲಿಗೆ ತಿಳಿಸಬೇಕು. ಬೇರೆ ಯಾರೂ ಸಿಗದಿದ್ದರೆ, ನಾನೇ ಬರಲು ಸಿದ್ಧನಿದ್ದೇನೆ.