ಎರಡು ಸಾವಿರ ಕಿಲೋ ಕೇಕು

"ಹಟ ಹಿಡಿದ ಯಂತ್ರ ಯಾವುದೇ ಇರಲಿ, ನನ್ನ ಮುಂದೆ ತಂದಿಡಿ. ಬಾಲ ಮುದುರಿಕೊಂಡು ಹೇಳಿದ ಮಾತು ಕೇಳದಿದ್ದರೆ ಕೇಳಿ!" ಎಂದು ಅವತ್ತು ಬೆಳಗ್ಗೆ ಘೋಷಿಸಿದವನು ನಾನೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಜೀವ. ಒಮ್ಮೆ ಸಿಡಿಲು ಬಡಿದು ತಂತಿ ಹರಿದಾಗ, ಎರಡು ತುದಿಗಳನ್ನೂ ಎರಡು ಕೈಯಲ್ಲಿ ಹಿಡಿದು ನಿಂತು ಇಡೀ ಊರನ್ನೇ ಮಾತಾಡಿಸಿದ್ದೆ. ಮನೆಯಲ್ಲಿ ಯಾರೂ ನಂಬುವುದಿಲ್ಲ, ಬಿಡಿ.

ನನ್ನ ಸೊಸೆ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ಅವತ್ತು ಅವಳಿಗೆ ಮೊಟ್ಟಮೊದಲ ಮದುವೆ ಆರ್ಡರು. ಸಂಜೆ ಐದಕ್ಕೆ ಕೇಕು ಮದುವೆ ಮನೆಯಲ್ಲಿರಬೇಕು, ತಪ್ಪಿದರೆ ಅವಳ ಹೆಸರು ಮಣ್ಣುಪಾಲು! ಡೆಲಿವರಿ ಕಂಪನಿಯವರು ಫೋನು ಎತ್ತುವ ಪೈಕಿಯಲ್ಲ. ನಮ್ಮ ಕಂಪ್ಯೂಟರಿನಿಂದ ಅವರ ಎಪಿಐಗೆ, ಅಂದರೆ ಅವರ ಕಂಪ್ಯೂಟರು ಕಿವಿಗೊಟ್ಟು ಕೂತಿರುವ ಕಿಟಕಿಗೆ, ಅವರು ಹೇಳಿದ ಆಕಾರದಲ್ಲೇ ರಿಕ್ವೆಸ್ಟ್ ಕಳಿಸಬೇಕು. ಸೊಸೆಗೋ ಮೊಣಕೈವರೆಗೂ ಕ್ರೀಮು.

"ಮಾವ, ತೂಕ, ಟೈಮು, ವಿಳಾಸ, ಮೂರೇ ತುಂಬಿ ಕಳಿಸಿಬಿಡ್ತೀರಾ?"

"ಇಷ್ಟೇನಾ? ಎಡಗೈಯಲ್ಲಿ ಮಾಡ್ತೀನಿ, ಬಿಡಮ್ಮ!"

ತೂಕದ ಜಾಗದಲ್ಲಿ 'ಸುಮಾರು ಎರಡು ಕಿಲೋ, ಒಂದು ಹಿಡಿ ಆಚೀಚೆ' ಎಂದು ಬರೆದು ಕಳಿಸಿದೆ. ಮುಖಕ್ಕೆ ರಾಚಿದಂತೆ ಬಂತು ಉತ್ತರ: 400, ಬ್ಯಾಡ್ ರಿಕ್ವೆಸ್ಟ್!

"ಹಾಗಂದ್ರೆ ನಾವು ಕಳಿಸಿದ್ದರ ಆಕಾರವೇ ಸರಿ ಇಲ್ಲ ಅಂತ, ಮಾವ. ಕೆಳಗೇನು ಬಂದಿದೆ ಓದಿ."

ಓದುವುದೇನು! ಪಾಪ, ಅದಕ್ಕೆ ಅರ್ಥವಾಗಿಲ್ಲ, ಇನ್ನಷ್ಟು ಬಿಡಿಸಿ ಹೇಳೋಣ ಎಂದುಕೊಂಡೆ. ಟೈಮಿಗೆ 'ಊಟ ಮುಗಿಸಿ ಒಂದು ಕೋಳಿನಿದ್ದೆ ತೆಗೆದ ಮೇಲೆ'. ವಿಳಾಸಕ್ಕೆ 'ಮೊದಲು ಸಿನಿಮಾ ಟಾಕೀಸು ಇತ್ತಲ್ಲ, ಅದರೆದುರು'. 400! ಸಾಲದ್ದಕ್ಕೆ 'ಕಥೆ' ಎಂಬ ಹೊಸ ಜಾಗವನ್ನೇ ಸೃಷ್ಟಿಸಿ ಸಿಡಿಲಿನ ಪ್ರಸಂಗವನ್ನೂ ಸೇರಿಸಿದೆ. ಮತ್ತೆ 400!

ನಮ್ಮಾಕೆ ಕನ್ನಡಕ ಏರಿಸಿಕೊಂಡು ಬಂದು ಕೆಳಗಿನ ಸಾಲು ಓದಿದಳು. "ತೂಕ: ಅಂಕಿ ಮಾತ್ರ. ಟೈಮು: ಗಂಟೆ, ನಿಮಿಷ. ಕಥೆ: ಇಂಥದ್ದೊಂದು ನಮ್ಮಲ್ಲಿಲ್ಲ. ರೀ, ಮದುವೆಯಾದಾಗಿನಿಂದ ನಾನು ಹೇಳ್ತಿರೋದನ್ನೇ ಇದೂ ಹೇಳ್ತಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ!"

ಅವಳು ಪೂರ್ತಿ ಓದುವ ಮೊದಲೇ ಕಂಪ್ಯೂಟರನ್ನು ಎಳೆದುಕೊಂಡೆ. ಕರುಳು ಕಿತ್ತು ಬಂದರೂ ಕಥೆ ಅಳಿಸಿದೆ. ಸೊಸೆ ಹೇಳಿದ ವಿಳಾಸ ಹಾಕಿದೆ. ಗಾಡಿ ಮನೆಗೆ ಬರುವ ಟೈಮು ನಾಲ್ಕು ಗಂಟೆ. ತೂಕಕ್ಕೆ ಬರೀ ಅಂಕಿ. ಆದರೆ 'ಎರಡು' ಅಂದರೆ ನನ್ನ ಸೊಸೆಯ ಕೇಕಿಗೆ ಏನು ಗತ್ತು? ಗ್ರಾಮಿನ ಲೆಕ್ಕದಲ್ಲಿ 2000 ಎಂದು ಕುಟ್ಟಿದೆ. ಒಪ್ಪಿಕೊಂಡಿತು! ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ.

ನಾಲ್ಕಕ್ಕೆ ಮನೆ ಗಡಗಡ ನಡುಗಿತು. ಬಾಗಿಲಲ್ಲಿ ಲಾರಿ! ಹಗ್ಗ ಹೆಗಲಿಗೇರಿಸಿದ ಹಮಾಲರು!

"ಯಜಮಾನ್ರೇ, ಎರಡು ಸಾವಿರ ಕಿಲೋ ಮಾಲು ಎಲ್ಲಿ?" ಎಂದ ಡ್ರೈವರು.

ಸೊಸೆ ಎದೆಗವಚಿಕೊಂಡಿದ್ದ ಡಬ್ಬಿಯನ್ನು ನೋಡಿದಳು, ಲಾರಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಮಾವ, ಅದು ಕಿಲೋ ಲೆಕ್ಕ..." ಅಷ್ಟೇ. ಕಣ್ಣಲ್ಲಿ ನೀರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಚಪ್ಪಲಿ ಬಿಚ್ಚಿಟ್ಟು ಇಳಿದುಬಿಡುತ್ತಿದ್ದೆ!

ಬೇರೆ ಗಾಡಿ ಕರೆಸಲು ಹೊತ್ತಿಲ್ಲ. ಖಾಲಿ ಲಾರಿಯ ಹಿಂಭಾಗದಲ್ಲಿ, ಕಿಸಿಕಿಸಿ ನಗುವ ಹಮಾಲರ ನಡುವೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಹೊರಟೆ. ಕೇಕು ಹೊತ್ತಿಗೆ ಸರಿಯಾಗಿಯೇ ತಲುಪಿತು, ಮಾನ ಮಾತ್ರ ನಮ್ಮ ಮನೆ ಗೇಟಿನಲ್ಲೇ ಹೋಯಿತು. ಯಾಕೆಂದರೆ ಲಾರಿ ಹೊರಡುವಾಗ ನಮ್ಮಾಕೆ ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಬೇಜಾರು ಮಾಡ್ಕೋಬೇಡ್ರೀ! ಇಷ್ಟು ವರ್ಷಕ್ಕೆ ನಿಮ್ಮ ಮಾತನ್ನ ಹಾಗೇ ನಂಬಿದೋರು ಒಬ್ಬರಾದ್ರೂ ಸಿಕ್ಕಿದ್ರಲ್ಲ!"