ಆರು ಸೆಕೆಂಡಿನ ಅಮೆರಿಕ

ನಾನು ಹೇಳಹೊರಟಿರುವ ಸಂಗತಿ ನಡೆದದ್ದು ಎಂಬತ್ತೊಂದರಲ್ಲೋ ಎಂಬತ್ತಮೂರರಲ್ಲೋ ಎಂದು ಯಾರಾದರೂ ಕೇಳಿದರೆ, ಮೊದಲು ಅದು ನಡೆಯಿತೋ ಇಲ್ಲವೋ ತೀರ್ಮಾನಿಸೋಣ ಎನ್ನುತ್ತೇನೆ. ನೆನಪಿನ ವಿಷಯದಲ್ಲಿ ನನಗೆ ನನ್ನ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಮೇಲೆ ಅನುಮಾನ ಎಂಬುದು ಶೀತದ ಹಾಗೆ ಮೈಗೆ ಅಂಟಿಕೊಂಡುಬಿಟ್ಟಿದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡಿ ಬಂದು, ಮೂರು ಸಲ ನೋಡಿದ್ದು ನಿಜವೇ ಎಂದು ತಿಳಿಯಲು ನಾಲ್ಕನೆಯ ಸಲ ಅಡುಗೆಮನೆಗೆ ಹೋಗುವವನು ನಾನು. ನನ್ನ ಹೆಂಡತಿ ಲಲಿತಳಿಗೆ ಈ ತೊಂದರೆ ಇಲ್ಲ. ಅವಳಿಗೆ ಎಲ್ಲವೂ ನೆನಪಿದೆ, ನಡೆಯದೇ ಇದ್ದದ್ದೂ ಸೇರಿ. ಕುವೈತಿನ ತಂಡ ವಿಶ್ವಕಪ್ಪಿಗೆ ಹೋಗಿಬಂದ ನಂತರದ ಚಳಿಗಾಲ ಅದು, ತಾನು ಅಂದು ನೇರಳೆ ಬಣ್ಣದ ಸ್ವೆಟರ್ ಹಾಕಿದ್ದೆ ಎನ್ನುತ್ತಾಳೆ. ಇರಲಿ, ಸ್ವೆಟರನ್ನೇ ಕಾಲಮಾನವಾಗಿ ಇಟ್ಟುಕೊಳ್ಳೋಣ.

ಸಂಜೀವಣ್ಣ ಇದ್ದದ್ದಂತೂ ನಿಜ. ಕುವೈತಿನ ಎಣ್ಣೆಯೂರು ಅಹ್ಮದಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಸ್ಟೋರ್ಸಿನ ಮೇಲ್ವಿಚಾರಕರು ಅವರು. ಮುಲ್ಕಿಯ ಕಡೆಯವರು, ಆಗ ನಲವತ್ತೊಂಬತ್ತು ವಯಸ್ಸು. ಒಂದು ಕಾಲದಲ್ಲಿ ಮಂಗಳೂರಿನ ಕಾಲೇಜು ತಂಡದ ಮುಂಚೂಣಿ ಆಟಗಾರ. ಈಗ ಒಂದು ಮಂಡಿ ಅವರದು, ಇನ್ನೊಂದು ಮಂಡಿ ಡಾಕ್ಟರದು ಎನ್ನುವ ಸ್ಥಿತಿ. ಪ್ರತಿ ಶುಕ್ರವಾರ ನಮ್ಮ ಕನ್ನಡದವರ ಫುಟ್‌ಬಾಲ್ ತಂಡ ಮರಳಿನ ಮೈದಾನದಲ್ಲಿ ಆಡುವಾಗ, ತಂಡದಲ್ಲಿ ಅವರಿಗೆ ಕೊಟ್ಟಿದ್ದ ಸ್ಥಾನವೆಂದರೆ ವಿರಾಮದ ಹೊತ್ತಿಗೆ ಕಿತ್ತಳೆ ಬಿಡಿಸಿ ತೊಳೆ ಹಂಚುವುದು. ಅದನ್ನೂ ಅವರು ಶ್ರದ್ಧೆಯಿಂದಲೇ ಮಾಡುತ್ತಿದ್ದರು. ಆದರೆ ಒಂದು ದಿನ ಅವರ ಹನ್ನೆರಡು ವರ್ಷದ ಮಗಳು ವೀಣಾ ತನ್ನ ಗೆಳತಿಗೆ ಫೋನಿನಲ್ಲಿ, "ಮೈ ಡ್ಯಾಡ್ ಈಸ್ ಇನ್ ದ ಟೀಮ್. ಹೀ ಡಸ್ ದಿ ಆರೆಂಜಸ್" ಎಂದು ಹೇಳಿದ್ದು ಅವರ ಕಿವಿಗೆ ಬಿತ್ತು.

ಮಾರ್ಚಿಗೆ ಅವರ ಕಾಂಟ್ರಾಕ್ಟು ಖಲಾಸ್. ಊರಿಗೆ ಹೊರಡುವ ಮೊದಲು ಒಂದೇ ಒಂದು ಪಂದ್ಯ ಆಡಬೇಕು, ಮಗಳ ಎದುರಿಗೆ ಒಂದು ಗೋಲು ಹೊಡೆಯಬೇಕು. ಇಷ್ಟೇ ಅವರ ಆಸೆ. ಕೇಳಿದರೆ ನಮ್ಮ ಕ್ಯಾಪ್ಟನ್ ನಾಗರಾಜ ಒಪ್ಪಲಿಲ್ಲ. ಅವನು ಡ್ರಾಯಿಂಗ್ ಆಫೀಸಿನ ಮೈಸೂರು ಹುಡುಗ, ಇಪ್ಪತ್ತಾರರವನು. "ಅಣ್ಣಾ, ನೀವು ಬಿದ್ದರೆ ಎತ್ತೋಕೆ ನಾಲ್ಕು ಜನ ಬೇಕು. ಆಮೇಲೆ ಆಡೋಕೆ ನಮಗೆ ಉಳಿಯೋದು ಆರೇ ಜನ" ಎಂದ. ಲೆಕ್ಕ ಸರಿಯಾಗಿಯೇ ಇತ್ತು.

ಆಗ ಬಂದವು ಆ ಮೂರು ಕ್ಯಾಸೆಟ್ಟುಗಳು. ಎಣ್ಣೆಬಾವಿ ಕೊರೆಯುವ ಘಟಕದ ಒಬ್ಬ ಅಮೆರಿಕನ್ ಊರಿಗೆ ವಾಪಸು ಹೋಗುವಾಗ ಮನೆ ಖಾಲಿ ಮಾಡಿ, ಒಂದು ಪೆಟ್ಟಿಗೆಯನ್ನು ಸ್ಟೋರ್ಸಿನಲ್ಲಿ ಬಿಟ್ಟುಹೋಗಿದ್ದ. ಅದರಲ್ಲಿ ಒಂದು ವಾಫಲ್ ಕಾಯಿಸುವ ಯಂತ್ರ, ಕೌಬಾಯ್ ಟೋಪಿ, ಮತ್ತು ಅಮೆರಿಕದ ಫುಟ್‌ಬಾಲ್ ಲೀಗಿನ ಮೂರು ವಿಡಿಯೋ ಕ್ಯಾಸೆಟ್. ವಿಡಿಯೋ ಪ್ಲೇಯರ್ ಇದ್ದದ್ದು ನಮ್ಮ ಮನೆಯಲ್ಲಿ. ಗುರುವಾರ ಸಂಜೆ ಸಂಜೀವಣ್ಣ, ನಾಗರಾಜ, ಇನ್ನೂ ಕೆಲವರು ಬಂದು ಕೂತರು. ಲಲಿತ ಉಪ್ಪಿಟ್ಟು ತಂದಿಟ್ಟು, "ನಮ್ಮ ಮದುವೆ ಕ್ಯಾಸೆಟ್ ತೆಗೆದು ಇದನ್ನ ಹಾಕಿದ್ದೀರಲ್ಲ, ಅಳಿಸಿಗಿಳಿಸಿ ಹೋದರೆ ನಾನು ಇನ್ನೊಂದು ಸಲ ಹಸೆಮಣೆ ಮೇಲೆ ಕೂರೋಳಲ್ಲ" ಎಂದು ಎಚ್ಚರಿಕೆ ಕೊಟ್ಟು ಒಳಗೆ ಹೋದಳು.

ಚಿತ್ರ ಬಂತು. ಬಣ್ಣವಿರಲಿಲ್ಲ, ಆಗಾಗ ಪರದೆ ಉರುಳುತ್ತಿತ್ತು. ಕಾಮೆಂಟರಿ ಹೇಳುವವನು ಬಾವಿಯ ತಳದಲ್ಲಿ ಕೂತು ಆಕಳಿಸುತ್ತಿರುವಂತೆ ಕೇಳಿಸುತ್ತಿತ್ತು. ಆದರೂ ಆಟಗಾರರನ್ನು ಕಂಡು ನಮಗೆ ರೋಮಾಂಚನ. ಯುರೋಪಿನಲ್ಲಿ ವಿಶ್ವಕಪ್ ಎತ್ತಿದ್ದ ಜರ್ಮನ್, ಒಂದು ಕಾಲಕ್ಕೆ ಪತ್ರಿಕೆಗಳ ಮುಖಪುಟದಲ್ಲಿ ಚೆಂಡು ಕುಣಿಸುತ್ತಿದ್ದ ಡಚ್ಚ, ಇಟಲಿಯ ಗೋಲುವೀರ, ಎಲ್ಲರೂ ಅಲ್ಲಿದ್ದರು. ನೆತ್ತಿ ತೆಳುವಾಗಿತ್ತು, ಸೊಂಟ ದಪ್ಪಗಾಗಿತ್ತು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಓಡುತ್ತಿದ್ದರು. ಓಡುತ್ತಿದ್ದರು ಎನ್ನುವುದು ಗೌರವಕ್ಕೆ. ನಿಜಕ್ಕೂ ಊಟವಾದ ಮೇಲೆ ಬಾಳೆಎಲೆಯ ಪಂಕ್ತಿಯಿಂದ ಕೈತೊಳೆಯಲು ಹೊರಟವರ ಹಾಗೆ ತೇಲುತ್ತ ಬರುತ್ತಿದ್ದರು. ಜರ್ಮನ್ ಚೆಂಡು ಒದ್ದರೆ ಅದು ಎಲ್ಲಿಗೆ ಹೋಗಬೇಕೆಂದು ಸ್ವಲ್ಪ ಯೋಚಿಸಿ ಹೊರಡುತ್ತಿತ್ತು.

"ಎಂತ ಮಾರಾಯ್ರೆ ಇದು! ಇವರಿಗಿಂತ ನಾನೇ ಜೋರು ಓಡ್ತೇನಲ್ಲ?" ಎಂದು ಸಂಜೀವಣ್ಣ ಸೋಫಾದಿಂದ ಎದ್ದೇಬಿಟ್ಟರು. "ಮೂರ್ತಿಗಳೇ, ನೀವು ಓದಿದವರು, ಹೇಳಿ. ಇವರು ಯಾಕೆ ಇಷ್ಟು ನಿಧಾನ?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಎಂ.ಎಸ್ಸಿ. ಪದವಿ ಒಳಗಿನಿಂದ ತಿವಿಯಿತು. ಪ್ಲಾಸ್ಟಿಕ್ ಹುಲ್ಲಿಗೂ ಬೂಟಿನ ಅಡಿಗೂ ನಡುವಿನ ಘರ್ಷಣೆ ಸಹಜ ಹುಲ್ಲಿನದಕ್ಕಿಂತ ಹೆಚ್ಚು, ಅದಕ್ಕೆ ವಯಸ್ಸು ಸೇರಿದಾಗ ವೇಗ ಕುಗ್ಗುತ್ತದೆ ಎಂದು ಹತ್ತು ನಿಮಿಷ ವಿವರಿಸಿದೆ. ಉಪ್ಪಿಟ್ಟಿನ ತಟ್ಟೆಯ ಮೇಲೆ ಚಮಚ ಜಾರಿಸಿ ಪ್ರಯೋಗವನ್ನೂ ತೋರಿಸಿದೆ. ಎಲ್ಲರೂ ತಲೆದೂಗಿದರು.

ಸಂಜೀವಣ್ಣನಿಗೆ ಘರ್ಷಣೆ ಬೇಕಿರಲಿಲ್ಲ. ಅವರು ನೋಡುತ್ತಿದ್ದದ್ದು ಪ್ರೇಕ್ಷಕರನ್ನು. ಆ ಮುದುಕರು ಒಂದು ಪಾಸು ಕೊಟ್ಟರೆ ಸಾವಿರಾರು ಜನ ಎದ್ದು ನಿಲ್ಲುತ್ತಿದ್ದರು. "ಪಾಪ, ಅವರಿಗೂ ಊರಲ್ಲಿ ಇನ್ನು ಸಾಕು ಅಂದಿರಬೇಕು" ಎಂದರು ಮೆಲ್ಲಗೆ. "ಅದಕ್ಕೇ ದೂರದ ದೇಶಕ್ಕೆ ಬಂದಿದ್ದಾರೆ, ನಾಲ್ಕು ವರ್ಷದ ಕಾಂಟ್ರಾಕ್ಟಿಗೆ. ಅವರಿಗೆ ಅಮೆರಿಕ ಅಂದ್ರೆ ನಮಗೆ ಕುವೈತ್ ಇದ್ದ ಹಾಗೆ, ನೋಡಿ." ನನಗೆ ಥಟ್ಟನೆ ಆ ಜರ್ಮನ್ ಆತ್ಮೀಯನೆನಿಸಿದ. ಅವನೂ ಮನೆಗೆ ಇಲ್ಲಿ ಎಲ್ಲ ಕ್ಷೇಮ, ಹವೆ ಚೆನ್ನಾಗಿದೆ ಎಂದು ಕಾಗದ ಬರೆಯುತ್ತಿದ್ದಿರಬಹುದು. ರಜೆಗೆ ಹೋದಾಗ ಅವನ ಸೋದರಮಾವನೂ ಎರಡು ಬ್ಯಾಟರಿಯ ಟಾರ್ಚ್ ತಂದಿಲ್ಲವೇ ಎಂದು ಮುಖ ಊದಿಸಿಕೊಂಡಿರಬಹುದು.

ಎರಡನೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಒಂದು ವಿಚಿತ್ರ ಕಂಡಿತು. ಪಂದ್ಯ ಸಮವಾದರೆ ಅಮೆರಿಕದವರು ಅದನ್ನು ಹಾಗೇ ಬಿಡುವುದಿಲ್ಲ. ಒಬ್ಬ ಆಟಗಾರ ಗೋಲಿನಿಂದ ಮೂವತ್ತೈದು ಗಜ ದೂರದಿಂದ ಚೆಂಡಿನೊಂದಿಗೆ ಒಬ್ಬನೇ ಓಡಿಬರಬೇಕು, ಎದುರಿಗೆ ಗೋಲುಗಾರ ಮಾತ್ರ. ಇಂತಿಷ್ಟು ಸೆಕೆಂಡಿನೊಳಗೆ ಗೋಲು ಹೊಡೆಯಬೇಕು. ಎಷ್ಟು ಸೆಕೆಂಡು ಎಂದು ಬಾವಿಯೊಳಗಿನ ಮನುಷ್ಯ ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ನಾನು ನಮ್ಮ ಗೋಡೆಗಡಿಯಾರ ಇಳಿಸಿ ಮಡಿಲಲ್ಲಿಟ್ಟುಕೊಂಡು, ಶಿಳ್ಳೆಯಿಂದ ಶಿಳ್ಳೆಗೆ ಅಳೆದೆ. ಆರು. ಐದು ಸಲ ಅಳೆದೆ, ಐದು ಸಲವೂ ಆರು. ವಿಜ್ಞಾನಕ್ಕೆ ಇನ್ನೇನು ಬೇಕು? ನಾಗರಾಜನೂ ಕರಗಿದ. "ಸರಿ ಅಣ್ಣಾ, ಅರ್ದಿಯಾ ಗೋದಾಮಿನವರ ಜೊತೆ ಮ್ಯಾಚಲ್ಲಿ ಕೊನೇ ಹದಿನೈದು ನಿಮಿಷ ಆಡಿ. ಸಮ ಆದ್ರೆ ಈ ಅಮೆರಿಕನ್ ರೂಲನ್ನೂ ಹಾಕೋಣ."

ಪಂದ್ಯಕ್ಕೆ ಎರಡು ದಿನವಿರುವಾಗ ನನ್ನ ನೆಮ್ಮದಿ ಹಾಳಾಯಿತು. ಕಂಪನಿಯ ತರಬೇತಿ ಕೋಣೆಯಲ್ಲಿ ಎಲ್ಲ ದೇಶಗಳ ಕ್ಯಾಸೆಟ್ಟನ್ನೂ ತೋರಿಸಬಲ್ಲ ಒಂದು ದೊಡ್ಡ ಯಂತ್ರವಿತ್ತು. ಊಟದ ಬಿಡುವಿನಲ್ಲಿ, ಬಣ್ಣ ಬರುತ್ತದೆಯೋ ನೋಡೋಣ ಎಂದು ಕ್ಯಾಸೆಟ್ ಅದರೊಳಗೆ ತಳ್ಳಿದೆ. ಬಣ್ಣ ಬಂತು. ಜೊತೆಗೆ ಜರ್ಮನ್ ಜಿಂಕೆಯ ಹಾಗೆ ಓಡಿಬಂದ. ಡಚ್ಚ ಕಣ್ಣೆವೆ ಮುಚ್ಚುವುದರೊಳಗೆ ಮೂವರನ್ನು ದಾಟಿದ. ಬಾವಿಯಲ್ಲಿದ್ದವನು ಮೇಲೆ ಬಂದು ಗಂಟಲು ಸರಿಮಾಡಿಕೊಂಡು, "ಫೈವ್ ಸೆಕೆಂಡ್ಸ್!" ಎಂದು ಸ್ಪಷ್ಟವಾಗಿ ಕಿರುಚಿದ. ಅಮೆರಿಕದ ಕ್ಯಾಸೆಟ್ಟಿನ ಪದ್ಧತಿ ಬೇರೆ, ನಮ್ಮ ಮನೆಯ ಯಂತ್ರದ ಪದ್ಧತಿ ಬೇರೆ. ನಮ್ಮದು ಅದನ್ನು ನಿಧಾನವಾಗಿ ಎಳೆಯುತ್ತಿತ್ತು, ಅಷ್ಟೇ. ಅಲ್ಲಿನ ಐದು ಸೆಕೆಂಡು ನಮ್ಮ ಮನೆಯಲ್ಲಿ ಆರಾಗಿತ್ತು. ಘರ್ಷಣೆಯ ಸಿದ್ಧಾಂತ ಅಲ್ಲೇ ಕುಸಿದು ಬಿತ್ತು.

ಮನೆಗೆ ಬಂದು ಲಲಿತಳಿಗೆ ಹೇಳಿದೆ. ಸತ್ಯ ತಿಳಿಸುವುದು ನನ್ನ ಕರ್ತವ್ಯ, ಸಂಜೀವಣ್ಣ ತಪ್ಪು ಮಾಹಿತಿಯ ಮೇಲೆ ಮಂಡಿಯನ್ನು ಪಣಕ್ಕಿಡುತ್ತಿದ್ದಾರೆ ಎಂದೆ.

"ರೀ, ಆ ಮನುಷ್ಯ ಎರಡು ವಾರದಿಂದ ಬೆಳಿಗ್ಗೆ ಎದ್ದು ಓಡ್ತಾ ಇದಾರೆ. ಅವರ ಹೆಂಡತಿ ಹೇಳಿದ್ರು, ಕನ್ನಡಿ ಮುಂದೆ ನಿಂತು ತಲೆ ಬಾಚ್ಕೋತಾರಂತೆ. ನಿಮ್ಮ ಕರ್ತವ್ಯ ಶನಿವಾರ ಮಾಡಿ" ಎಂದಳು.

"ಮತ್ತೆ ಆರು ಸೆಕೆಂಡು?"

"ಒಂದು ಸೆಕೆಂಡಲ್ಲಿ ಯಾವ ಸಾಮ್ರಾಜ್ಯ ಮುಳುಗುತ್ತೆ? ಹಾಲು ಉಕ್ಕುತ್ತಾ ಇದೆ, ನೋಡಿ ಅಂದ್ರೆ ನೀವು ಹತ್ತು ನಿಮಿಷ ಬಿಟ್ಟು ಬರ್ತೀರಿ."

ಶುಕ್ರವಾರ ಮಧ್ಯಾಹ್ನ ಅರ್ದಿಯಾದ ಗೋದಾಮಿನ ಹುಡುಗರು ಪಿಕಪ್ಪಿನಲ್ಲಿ ಬಂದಿಳಿದರು. ದಿನವೂ ಮೂಟೆ ಹೊರುವ ತೋಳುಗಳು, ಮರಳಿನಲ್ಲೂ ಧೂಳೆಬ್ಬಿಸದೆ ಓಡುವ ಕಾಲುಗಳು. ಸಂಜೀವಣ್ಣ ಕೊನೆಯ ಹದಿನೈದು ನಿಮಿಷಕ್ಕೆ ಇಳಿದರು. ಅವರಿಗೆ ಚೆಂಡು ಸಿಕ್ಕಿದ್ದು ಎರಡು ಸಲ, ಅದರಲ್ಲಿ ಒಂದು ಸಲ ಬೆನ್ನಿಗೆ ತಗಲಿದ್ದು. ಆದರೂ ಕೈಯೆತ್ತಿ ಖಾಲಿ ಮರಳುಗಾಡಿನ ಕಡೆಗೆ ಜರ್ಮನ್ನನ ಹಾಗೆಯೇ ಗಂಭೀರವಾಗಿ ನಮಸ್ಕರಿಸಿದರು. ಪಂದ್ಯ ಎರಡು-ಎರಡಕ್ಕೆ ಸಮವಾಯಿತು. ಲಲಿತ ಮೂರು-ಮೂರು ಎನ್ನುತ್ತಾಳೆ.

ಅಮೆರಿಕನ್ ರೂಲನ್ನು ಅರ್ದಿಯಾದ ಕ್ಯಾಪ್ಟನ್ ಹೈದರಾಬಾದಿನ ಹುಡುಗನಿಗೆ ನಾಗರಾಜ ಹಿಂದಿಯಲ್ಲಿ ವಿವರಿಸಿದ. "ಅಮೆರಿಕಾ ಕಾ ಹೈ ತೋ ಠೀಕ್ ಹೈ ಭಾಯಿ. ಟೈಮ್ ಕೌನ್ ದೇಖೇಗಾ?" ಎಂದು ಅವನು ಕೇಳಿದ. ಎಲ್ಲರ ಬೆರಳೂ ನನ್ನತ್ತ ತಿರುಗಿತು. "ಸಾಬ್ ಎಂ.ಎಸ್ಸಿ. ಹೈ" ಎಂದ ನಾಗರಾಜ. ಆ ಹುಡುಗ ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದ. ಹಾಗೆ ನಂಬಿದವರ ಎದುರಿಗೆ ನಾನು ಮೂವತ್ತೈದು ಹೆಜ್ಜೆ ಅಳೆದು ಗೆರೆ ಎಳೆದೆ.

ನಾಲ್ಕು ನಾಲ್ಕು ಜನ ಓಡಿದ ಮೇಲೂ ಸಮ. ಐದನೆಯವನಾಗಿ ಅರ್ದಿಯಾದವನು ಹೊಡೆದ ಚೆಂಡು ಗೋಲುಕಂಬದ ಬದಲಿಗೆ ನಿಲ್ಲಿಸಿದ್ದ ಎಣ್ಣೆಯ ಪೀಪಾಯಿಗೆ ಬಡಿದು ಢಣ್ ಎಂದಿತು. ಉಳಿದವರು ಸಂಜೀವಣ್ಣ ಒಬ್ಬರೇ. "ಅಪ್ಪಾ, ಪ್ಲೀಸ್ ಡೋಂಟ್ ಫಾಲ್" ಎಂದು ವೀಣಾ ಅಂಚಿನಿಂದ ಕೂಗಿದಳು. ಅವಳ ಕೊರಳಲ್ಲಿ ಅಪ್ಪನ ಕ್ಯಾಮರಾ ತೂಗುತ್ತಿತ್ತು.

ನಾನು ಎಡಗೈ ಎತ್ತಿ, ಕೈಗಡಿಯಾರದ ಮೇಲೆ ಕಣ್ಣಿಟ್ಟು ಶಿಳ್ಳೆ ಊದಿದೆ. ಕೆಂಪು ಬಣ್ಣದ ಸೆಕೆಂಡ್ ಮುಳ್ಳು ನಡುಗುತ್ತ ಹೊರಟದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. "ಒಂದು" ಎಂದೆ. ಸಂಜೀವಣ್ಣ ಮುಂದೆ ಬಂದರು, ಚೆಂಡು ಸ್ವಲ್ಪ ಹಿಂದೆ ಉಳಿಯಿತು. "ಎರಡು." ತಿರುಗಿ ಅದನ್ನು ಕರೆತಂದರು. "ಮೂರು, ನಾಲ್ಕು." ಮಂಡಿ ಹಿಡಿಯಿತು, ಮುಖ ಕಿವುಚಿದರು, ಆದರೆ ಬೀಳಲಿಲ್ಲ. "ಐದು." ಅಮೆರಿಕದಲ್ಲಾಗಿದ್ದರೆ ಇಲ್ಲಿಗೆ ಅವರ ಕಥೆ ಮುಗಿದು, ಜನ ಮನೆಗೆ ಹೊರಟಿರುತ್ತಿದ್ದರು. ಇನ್ನು ಇವರು ಹೊಡೆಯುವುದಿಲ್ಲವೆಂದು ಗೋಲುಗಾರ ಒಂದು ಕ್ಷಣ ನನ್ನ ಕಡೆ ನೋಡಿದ. ಅದೇ ಕ್ಷಣದಲ್ಲಿ ಸಂಜೀವಣ್ಣ ಕಾಲ್ಬೆರಳ ತುದಿಯಿಂದ ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ಮರಳಿನಲ್ಲಿ ನಮ್ಮ ಮನೆಯ ಕ್ಯಾಸೆಟ್ಟಿನ ವೇಗದಲ್ಲೇ ಉರುಳುತ್ತ, ನಿಲ್ಲುತ್ತೇನೆ ಎನ್ನುತ್ತ, ನಿಲ್ಲದೆ, ಗೆರೆ ದಾಟಿತು. "ಆರು!" ಎಂದು ಕಿರುಚಿದೆ.

"ಸಾತ್ ಹುವಾ ಸಾಬ್!" ಎಂದ ಗೋಲುಗಾರ.

"ಛೇ" ಎಂದು ನಾನು ಎಂ.ಎಸ್ಸಿ.ಯ ಪೂರ್ತಿ ತೂಕ ಹಾಕಿ ತಲೆಯಾಡಿಸಿದೆ. ಹೈದರಾಬಾದಿನ ಹುಡುಗ, "ಸಾಬ್ ಝೂಟ್ ನಹೀ ಬೋಲೇಗಾ" ಎಂದು ತನ್ನವನ ಬೆನ್ನು ತಟ್ಟಿ ಸಮಾಧಾನ ಮಾಡಿದ. ಅಷ್ಟರಲ್ಲಿ ನಾಗರಾಜ ಮತ್ತು ಇನ್ನು ಮೂವರು ಸೇರಿ ಸಂಜೀವಣ್ಣನನ್ನು ಎತ್ತಿಕೊಂಡಿದ್ದರು. ಎತ್ತಲು ನಿಜವಾಗಿ ನಾಲ್ಕು ಜನವೇ ಬೇಕಾಯಿತು. ವೀಣಾ ಕುಣಿಯುತ್ತಿದ್ದಳು. "ದಟ್ಸ್ ಮೈ ಡ್ಯಾಡ್! ದಟ್ಸ್ ಮೈ ಡ್ಯಾಡ್!" ಎಂದು ಅರ್ದಿಯಾದವರಿಗೂ ಹೇಳುತ್ತಿದ್ದಳು, ಅವರೂ ಚಪ್ಪಾಳೆ ತಟ್ಟಿದರು.

ಮಾರ್ಚಿನಲ್ಲಿ ಸಂಜೀವಣ್ಣ ಊರಿಗೆ ಹೋದರು. ಜರ್ಮನ್ನನಿಗಿಂತ ತಾನು ಜೋರೆಂಬ ನಂಬಿಕೆಯನ್ನು ಜೊತೆಗೇ ಒಯ್ದರು. ನನ್ನ ಕರ್ತವ್ಯದ ಶನಿವಾರ ಇನ್ನೂ ಬಂದಿಲ್ಲ. ಆದರೆ ಅನುಮಾನದ ಹುಳು ಬಿಡಬೇಕಲ್ಲ! ಆರೋ, ಏಳೋ? ನಾನು ಸುಳ್ಳು ಹೇಳಿದೆನೋ, ನಿಜವನ್ನೇ ಹೇಳಿದೆನೋ? ಹಲವು ವರ್ಷಗಳ ನಂತರ, ಈಗ ಮಣಿಪಾಲದಲ್ಲಿ ಪಾಠ ಹೇಳುವ ವೀಣಾಳಿಗೆ ಬರೆದು ಕೇಳಿದೆ. ಆ ಗೋಲಿನ ಕ್ಷಣದಲ್ಲಿ ತಾನು ತೆಗೆದ ಫೋಟೋ ಇದೆಯೆಂದು ಕಳಿಸಿಕೊಟ್ಟಳು. ಗಡಿಬಿಡಿಯಲ್ಲಿ ಹುಡುಗಿ ಅಪ್ಪನನ್ನು ಬಿಟ್ಟು ನನ್ನನ್ನು ಹಿಡಿದಿದ್ದಾಳೆ. ಅಂಚಿನಲ್ಲಿ ಸಂಜೀವಣ್ಣನ ಒಂದು ಮೊಣಕೈ ಇದೆ, ಚೆಂಡಿನ ಸುಳಿವಿಲ್ಲ. ನಡುವೆ ನಾನು ತೋಳು ಮಡಚಿದ ಬಿಳಿ ಅಂಗಿಯಲ್ಲಿ, ಬಾಯಿ ತೆರೆದುಕೊಂಡು, ಎಡಗೈಯನ್ನು ಮುಖದ ಮಟ್ಟಕ್ಕೆ ಎತ್ತಿ ಮಣಿಕಟ್ಟನ್ನೇ ದಿಟ್ಟಿಸುತ್ತಿದ್ದೇನೆ. ಕಿಟಕಿಯ ಹತ್ತಿರ ಹೋಗಿ ಭೂತಗನ್ನಡಿ ಹಿಡಿದು ನೋಡಿದೆ, ಲಲಿತಳಿಗೂ ತೋರಿಸಿ ಖಚಿತಪಡಿಸಿಕೊಂಡೆ. ಮಣಿಕಟ್ಟಿನಲ್ಲಿ ಗಡಿಯಾರವಿಲ್ಲ.