ಕಲ್ಲುರಾಕ್ಷಸನಿಗೊಂದು ರಜೆ

ಸುಬ್ರಹ್ಮಣ್ಯನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಹಾಗಾಗಿ ಹೊಟ್ಟೆನೋವು, ಬೆನ್ನುನೋವು, ದೂರದ ನೆಂಟರ ಸಾವು ಮುಂತಾದ ಸಲೀಸು ಸುಳ್ಳುಗಳನ್ನೆಲ್ಲ ಬಿಟ್ಟು, ಜನವರಿಯ ಒಂದು ಬೆಳಿಗ್ಗೆ ಅವನು ಫ್ಯಾಕ್ಟರಿಗೆ ಫೋನ್ ಮಾಡಿ ತನಗೆ ಮದ್ರಾಸ್ ಐ ಬಂದಿದೆ ಎಂದ. ಆಗ ಊರ ತುಂಬ ಮದ್ರಾಸ್ ಐ ಹಬ್ಬಿತ್ತು. ಬಸ್ಸಿನಲ್ಲಿ ಯಾರಾದರೂ ಕಪ್ಪು ಕನ್ನಡಕ ಹಾಕಿಕೊಂಡು ಕೂತರೆ ಅಕ್ಕಪಕ್ಕದ ಸೀಟುಗಳು ತಾವಾಗಿಯೇ ಖಾಲಿಯಾಗುತ್ತಿದ್ದವು. ಅವನ ಲೆಕ್ಕಾಚಾರ ಅಲ್ಲೇ ಇತ್ತು. ಜ್ವರ ಎಂದರೆ ಜನ ನೋಡಲು ಬರುತ್ತಾರೆ. ಕಣ್ಣುಬೇನೆ ಎಂದರೆ ಓಣಿಯನ್ನೇ ಬಿಟ್ಟು ಸುತ್ತು ಬಳಸಿ ಹೋಗುತ್ತಾರೆ. ಇಡೀ ಹಗಲು ಮನೆ ತನ್ನೊಬ್ಬನದು.

ಮನೆ ಬೇಕಿದ್ದದ್ದು ವಿಡಿಯೋ ಗೇಮ್ ಆಡುವುದಕ್ಕೆ. ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದವನು, ತಲೆಗೂದಲು ಅರ್ಧ ನೆರೆತವನು, ಬಾಗಲಗುಂಟೆಯ ಗಣೇಶೋತ್ಸವ ಸಮಿತಿಯ ಖಜಾಂಚಿ, ಅಂಥವನು ಟೀವಿಯ ಮುಂದೆ ಚಕ್ಕಲಮಕ್ಕಲ ಹಾಕಿ ಕೂತು ಕಂಟ್ರೋಲರ್ ಒತ್ತುತ್ತಾನೆಂದು ಯಾರಿಗಾದರೂ ಹೇಳಿಕೊಳ್ಳುವುದು ಹೇಗೆ? ಪ್ಲೇಸ್ಟೇಷನ್ ತಂದಾಗ ಮಗಳಿಗೆಂದು ತಂದದ್ದು ಎಂದಿದ್ದ. ಮಗಳು ಸುಕೃತಿ ಆಗ ಏಳನೇ ಕ್ಲಾಸು. ಹೆಂಡತಿ ಸೀತಾಲಕ್ಷ್ಮಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವಳು ಆ ಪೆಟ್ಟಿಗೆಯನ್ನು ಒಮ್ಮೆ, ಗಂಡನ ಮುಖವನ್ನು ಒಮ್ಮೆ ನೋಡಿದ್ದಳು.

ಅಪ್ಪ ಮಗಳು ಇಬ್ಬರೂ ಆಡಿದ್ದು ಒಂದೇ ಆಟ. ಒಲೆಗಳೆಲ್ಲ ಆರಿಹೋದ ಹಳ್ಳಿಯೊಂದರಿಂದ ಅಣ್ಣ ತಂಗಿ ಹೊರಟು, ಹಿಮದ ಬೆಟ್ಟ ಹತ್ತಿ, ತುದಿಯ ಕೋಟೆಯಿಂದ ಬೆಂಕಿ ತರಬೇಕು. ಅಣ್ಣನ ಕೈಯಲ್ಲಿ ಕತ್ತಿ, ತಂಗಿಯ ಕೈಯಲ್ಲಿ ಬಿಲ್ಲು. ಸುಕೃತಿ ಮೊದಲ ದಿನವೇ ಕತ್ತಿ ತನಗೆಂದು ಹಟ ಹಿಡಿದದ್ದರಿಂದ ಸುಬ್ರಹ್ಮಣ್ಯ ವರ್ಷಗಟ್ಟಲೆ ಎರಡು ಜಡೆ ಹಾಕಿಕೊಂಡ ತಂಗಿಯಾಗಿ ಬಾಣ ಬಿಟ್ಟ. ಕಾರ್ಖಾನೆಯಲ್ಲಿ ಅವನ ಕೆಲಸ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಆಟದಲ್ಲಿ ತಾನೇ ತಪ್ಪು ಮಾಡಬಹುದಿತ್ತು, ಪ್ರಪಾತಕ್ಕೆ ಬಿದ್ದು ಮತ್ತೆ ಎದ್ದು ಬರಬಹುದಿತ್ತು. ಬಿದ್ದಾಗಲೆಲ್ಲ ಮಗಳು ಮೊಣಕಾಲಿನಿಂದ ಅವನನ್ನು ತಿವಿಯುತ್ತಿದ್ದಳು. ಆ ತಿವಿತಕ್ಕಾಗಿ ಅವನು ಎಷ್ಟೋ ಸಲ ಬೇಕೆಂದೇ ಬಿದ್ದದ್ದುಂಟು.

ಕೋಟೆಯ ಕೊನೆಯ ಬಾಗಿಲಲ್ಲಿ ಕಲ್ಲುರಾಕ್ಷಸನೊಬ್ಬ ನಿಂತಿದ್ದ. ಅವನ ಮುಂದೆ ಬಂದು ನಿಲ್ಲುವ ಹೊತ್ತಿಗೆ ಸುಕೃತಿಗೆ ಎಸ್ಸೆಸ್ಸೆಲ್ಸಿ ಬಂತು. ಸೀತಾಲಕ್ಷ್ಮಿ ಏನೂ ಹೇಳಿರಲಿಲ್ಲ. ಸುಬ್ರಹ್ಮಣ್ಯನೇ ಶಿಸ್ತಿನ ತಂದೆಯಾಗಬೇಕೆಂಬ ಹುಕಿಯಲ್ಲಿ ಎಲ್ಲವನ್ನೂ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೇರಿಸಿದ. ಪರೀಕ್ಷೆ ಮುಗಿಯಲಿ, ಇಬ್ಬರೂ ಸೇರಿ ಅವನನ್ನು ಕೆಡವೋಣ ಎಂದು ಮಾತು ಕೊಟ್ಟ. ಪರೀಕ್ಷೆ ಮುಗಿಯಿತು, ಪಿಯುಸಿ ಬಂತು, ಟ್ಯೂಷನ್ ಬಂತು, ಸಿಇಟಿ ಕೋಚಿಂಗ್ ಬಂತು. ಹುಡುಗಿ ಉದ್ದವಾದಳು, ಮಾತು ಕಡಿಮೆಯಾಯಿತು. ಊಟಕ್ಕೆ ಕೂತಾಗಲೂ ಪುಸ್ತಕ. ಈ ಬೇಸಿಗೆ ಕಳೆದರೆ ಯಾವುದೋ ಹಾಸ್ಟೆಲಿಗೆ ಹೋಗಿಬಿಡುತ್ತಾಳೆ. ಅಷ್ಟರೊಳಗೆ ಒಂದು ಸಂಜೆಯಾದರೂ ಸಿಕ್ಕರೆ, ತನ್ನ ಕೈ ತಪ್ಪಿ ಸೋಲಬಾರದಲ್ಲ? ಮೊದಲೇ ಒಬ್ಬನೇ ಆಡಿ ಸ್ವಲ್ಪ ಕೈ ಪಳಗಿಸಿಕೊಂಡಿರೋಣ. ಮುಗಿಸುವುದು ಮಾತ್ರ ಅವಳ ಜೊತೆಗೇ. ಹೀಗೆಂದುಕೊಂಡೇ ಅವನು ಹಿಂದಿನ ರಾತ್ರಿ ಗಂಟನ್ನು ಅಟ್ಟದಿಂದ ಇಳಿಸಿಟ್ಟು, ಆ ಬೆಳಿಗ್ಗೆ ಬಚ್ಚಲಿನಲ್ಲಿ ಕಣ್ಣುಗಳನ್ನು ಮುಷ್ಟಿಯಿಂದ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡು ಹೊರಬಂದ.

ಮಗಳು ಕಾಲೇಜಿಗೆ, ಹೆಂಡತಿ ಶಾಲೆಗೆ ಹೊರಟರು. ಸೀತಾಲಕ್ಷ್ಮಿ ಒಳ್ಳೆಯ ಹೆಂಡತಿಯಾದದ್ದೇ ಮೊದಲ ಅನಾಹುತ. ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಅವಳು ಕೆಳಗಿನ ಮನೆಯ ಮಾರಕ್ಕನಿಗೆ, ಯಜಮಾನರಿಗೆ ಕಣ್ಣು ಬಂದಿದೆ, ಆಗಾಗ ಒಂದು ಕಣ್ಣಿಟ್ಟಿರಿ ಎಂದು ಹೇಳಿ ಹೋದಳು.

ಮಾರಕ್ಕ ಮನೆಯ ಮಾಲೀಕಳು. ಪೀಣ್ಯದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಿಂದ ಆ ನೆಲದಲ್ಲೇ ಇದ್ದವಳು. ಕಾರ್ಖಾನೆಗಳು ಎದ್ದದ್ದು, ಈಗ ಮೆಟ್ರೋ ಕಂಬಗಳು ಏಳುತ್ತಿರುವುದು ಎಲ್ಲವೂ ತನ್ನ ಅಪ್ಪಣೆಯಿಲ್ಲದೆ ನಡೆದ ತಂಟೆಗಳೆಂದೇ ಅವಳ ಭಾವನೆ. ಸುಬ್ರಹ್ಮಣ್ಯ ಪರದೆ ಎಳೆದು, ವೈರುಗಳನ್ನು ಸಿಕ್ಕಿಸಿ, ರಾಕ್ಷಸನ ಎದುರು ನಿಂತು ಎರಡು ಬಾಣ ಬಿಟ್ಟಿದ್ದನೋ ಇಲ್ಲವೋ, ಬಾಗಿಲು ದಬದಬನೆ ಬಡಿದ ಸದ್ದಾಯಿತು. ಅವನು ಆಟವನ್ನು ಅಲ್ಲಿಗೇ ನಿಲ್ಲಿಸಿ, ಟೀವಿಯ ಮೇಲೆ ಟವೆಲ್ ಎಸೆದು, ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲು ತೆರೆದ.

"ಯಾರೋ ಯಾರ್ನೋ ಒಡ್ದಾಕ್ತಾವ್ರೆ ಅಂತ ಓಡ್ಬಂದೆ ಕಣಪ್ಪ," ಎಂದಳು ಮಾರಕ್ಕ. "ಏನ್ ಅಂಗೆ ಸದ್ದು?"

ಅವನು ಟೀವಿಯಲ್ಲಿ ಪೌರಾಣಿಕ ಬರುತ್ತಿತ್ತೆಂದ. ಕಣ್ಣು ಬಂದವರು ಟೀವಿ ನೋಡಿದರೆ ಗುಡ್ಡೆಯೇ ಸುಟ್ಟುಹೋಗುತ್ತದೆಂದು ಮಾರಕ್ಕ ಗದರಿದಳು. ಹತ್ತಿರ ಬರಬೇಡಿ, ನಿಮಗೂ ಅಂಟುತ್ತದೆ ಎಂದು ಅವನು ಕೊನೆಯ ಅಸ್ತ್ರ ಬಿಟ್ಟ. ತನಗೆ ಹೋದ ವರ್ಷವೇ ಬಂದುಹೋಗಿದೆ, ಒಮ್ಮೆ ಬಂದವರ ತಂಟೆಗೆ ಅದು ಇನ್ನೊಮ್ಮೆ ಬರುವುದಿಲ್ಲ ಎಂದು ಅವಳು ಅವನ ಕನ್ನಡಕವನ್ನು ಕಿತ್ತು ಪಕ್ಕಕ್ಕಿಟ್ಟಳು. ಕೊರಳು ಹಿಂದಕ್ಕೆ ವಾಲಿಸಿ, ರೆಪ್ಪೆಯನ್ನು ಎಮ್ಮೆಯ ಬಾಯಿ ತೆರೆಯುವಂತೆ ಅಗಲಿಸಿ, ಎರಡೂ ಕಣ್ಣಿಗೆ ಹರಳೆಣ್ಣೆ ಬಿಟ್ಟಳು. ಲೋಕವೆಲ್ಲ ಒಗ್ಗರಣೆಯೊಳಗಿನಿಂದ ನೋಡಿದಂತೆ ತೇಲತೊಡಗಿತು.

ಅಷ್ಟಕ್ಕೇ ಹೋಗುತ್ತಾಳೆಂದರೆ ಇಲ್ಲ. ರೋಗಿಯನ್ನು ಚಾಪೆಯ ಮೇಲೆ ಮಲಗಿಸಿ, ಕೆಳಗಿನಿಂದ ಅವರೆಕಾಯಿಯ ಮೊರ ತಂದು ಅಲ್ಲೇ ಸುಲಿಯುತ್ತಾ ಕೂತಳು. ಟವೆಲಿನ ಕೆಳಗಿನಿಂದ, ನಿಂತ ಆಟದ ಸಂಗೀತ ಮಂದವಾಗಿ ಸುತ್ತಿ ಸುತ್ತಿ ಬರುತ್ತಿತ್ತು. ಎಲ್ಲಿಂದ ಬರುತ್ತಿದೆ ಈ ಹಾಡು ಎಂದು ಅವಳು ಕೇಳಿದಳು. ಹಿಂದಿನ ಬೀದಿಯ ಭಜನೆ ಇರಬೇಕೆಂದ ಸುಬ್ರಹ್ಮಣ್ಯ. ಚೆನ್ನಾಗಿದೆ, ಆದರೆ ಮುಂದಿನ ಚರಣವನ್ನೇ ಹೇಳುತ್ತಿಲ್ಲವಲ್ಲ ಎಂದು ಮಾರಕ್ಕ ಬೇಸರಪಟ್ಟಳು.

ಎದುರು ಮನೆಯ ಪದ್ಮಾವತಮ್ಮನ ಕಿವಿಗೆ ಸುದ್ದಿ ಬಿದ್ದದ್ದು ಅವರೆ ಸಿಪ್ಪೆ ಎಸೆಯಲು ಮಾರಕ್ಕ ಕೆಳಗಿಳಿದಾಗ. ನಿವೃತ್ತ ಫೋರ್‌ಮನ್ನರ ಹೆಂಡತಿಯಾದ ಆಕೆಗೆ ಹರಳೆಣ್ಣೆಯಲ್ಲಿ ನಂಬಿಕೆಯಿರಲಿಲ್ಲ. ಮೂಗಿಗೆ ಸೆರಗು ಹಿಡಿದು ಬಂದು, ಎಣ್ಣೆಯನ್ನು ಮೊದಲು ತೊಳೆಯಬೇಕೆಂದು ಕೊತ್ತಂಬರಿ ಬೀಜದ ನೀರು ಹಾಕಿ, ಆಮೇಲೆ ನಂದಿಬಟ್ಟಲಿನ ರಸ ಹಿಂಡಿದರು. ವಾಪಸು ಬಂದ ಮಾರಕ್ಕ ತನ್ನ ಎಣ್ಣೆ ಹೋದದ್ದನ್ನು ಕಂಡು, ಮತ್ತೆ ಎಣ್ಣೆ ಬಿಟ್ಟಳು. ಇಬ್ಬರು ಹೆಂಗಸರು ಒಂದು ಗದ್ದೆಗೆ ಸರದಿಯ ಮೇಲೆ ನೀರು ಹಾಯಿಸಿದಂತಿತ್ತು. ನಾಟಕಕ್ಕೆಂದು ಕೆಂಪಾಗಿದ್ದ ಕಣ್ಣುಗಳು ಈಗ ನಿಜವಾಗಿ ಉರಿಯುತ್ತಿದ್ದವು. ನನಗೆ ಏನೂ ಆಗಿಲ್ಲ ಎಂದು ಹೇಳಿಬಿಡಬೇಕೆಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಹೇಳಿದರೆ ಟವೆಲ್ ತೆಗೆಯಬೇಕಾಗುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು ಸಹಿಸಿದ.

ಊಟದ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಒಲೆಗಳಿಗೆ ಹೋದರು. ಸುಬ್ರಹ್ಮಣ್ಯ ಎದ್ದು, ತಡಕಾಡಿ ಟವೆಲ್ ಎಳೆದು, ಕಂಟ್ರೋಲರ್ ಹಿಡಿಯುವಷ್ಟರಲ್ಲಿ ಮತ್ತೆ ಬಾಗಿಲು.

"ಗುರು, ನಾನು ಕಣೋ, ಭಾನು. ಹೆದ್ರಬೇಡ, ನಂಗೂ ಅದೇ."

ಭಾನುಪ್ರಕಾಶ ಅದೇ ವಿಭಾಗದ ಸಹೋದ್ಯೋಗಿ. ಅವನಿಗೆ ಬಂದದ್ದು ನಿಜವಾದ ಮದ್ರಾಸ್ ಐ. ಮನೆಯವರು ತಟ್ಟೆ ಲೋಟ ಬೇರೆ ಮಾಡಿ ಮಹಡಿಯ ಕೋಣೆಗೆ ತಳ್ಳಿದ್ದರು. ಮಾತಾಡಲು ಜನವಿಲ್ಲದೆ ಒದ್ದಾಡುತ್ತಿದ್ದವನಿಗೆ, ಸುಬ್ರಹ್ಮಣ್ಯನಿಗೂ ಬಂದಿದೆಯೆಂದು ಆಫೀಸಿನಿಂದ ತಿಳಿದದ್ದೇ ಹಬ್ಬವಾಗಿತ್ತು. ಇನ್ನು ನಮ್ಮಿಬ್ಬರಿಗೆ ಯಾರ ಹಂಗೂ ಇಲ್ಲ ಎನ್ನುತ್ತಾ ಒಳಗೆ ಬಂದು ಅವನನ್ನು ತಬ್ಬಿಕೊಂಡ. ಅವನ ಕೈಯಲ್ಲಿದ್ದ ಟವೆಲನ್ನೇ ಇಸಿದುಕೊಂಡು ಮುಖ ಒರೆಸಿಕೊಂಡ. ಅದನ್ನು ಮರಳಿ ಸುಬ್ರಹ್ಮಣ್ಯನ ಹೆಗಲ ಮೇಲೆ ಹಾಕಿದ. ಆರೋಗ್ಯವಂತನೊಬ್ಬ ತಾನು ಆರೋಗ್ಯವಾಗಿದ್ದೇನೆಂದು ಹೇಳಲಾರದೆ ಗೋಡೆಗೆ ಒತ್ತಿಕೊಂಡು ನಿಂತ.

ಆಮೇಲೆ ಭಾನುಪ್ರಕಾಶನ ದೃಷ್ಟಿ ಟೀವಿಯ ಮೇಲೆ ಬಿತ್ತು. ನಾಳೆ ಇಡೀ ವಿಭಾಗ ನಗುತ್ತದೆ ಎಂದುಕೊಂಡ ಸುಬ್ರಹ್ಮಣ್ಯ. ಭಾನುಪ್ರಕಾಶ ನಗಲಿಲ್ಲ. ಚಾಪೆಯ ಮೇಲೆ ಕೂತು, ಈ ದೈತ್ಯ ಯಾರು, ಆ ಜಡೆಯ ಹುಡುಗಿ ಯಾಕೆ ಒಬ್ಬಳೇ ನಿಂತಿದ್ದಾಳೆ ಎಂದು ಕೇಳಿದ. ಅಷ್ಟು ವರ್ಷಗಳಲ್ಲಿ ತನ್ನ ವಯಸ್ಸಿನವರೊಬ್ಬರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಸುಬ್ರಹ್ಮಣ್ಯನ ಮಾತಿನ ಕಟ್ಟೆಯೊಡೆಯಿತು. ಹಳ್ಳಿ, ಬೆಂಕಿ, ಹಿಮದ ಸೇತುವೆ, ಮಗಳು ಕಂಡುಹಿಡಿದ ಗುಟ್ಟುದಾರಿ, ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ, ಸುಮ್ಮನೆ ಹಿಡಿದು ನೋಡು ಎಂದು ಎರಡನೆಯ ಕಂಟ್ರೋಲರನ್ನೂ ಕೊಟ್ಟ. ಅದು ಸುಕೃತಿಯ ಕತ್ತಿ. ಕೊಟ್ಟ ಮರುಗಳಿಗೆಯೇ ಕೊಡಬಾರದಿತ್ತು ಅನ್ನಿಸಿತು. ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಹೇಗೆ? ಇವನು ಎಲ್ಲಿ ಗೆಲ್ಲುತ್ತಾನೆ ಎಂದು ಸಮಾಧಾನ ಮಾಡಿಕೊಂಡ.

ಭಾನುಪ್ರಕಾಶನಿಗೆ ಯಾವ ಗುಂಡಿ ಯಾವುದಕ್ಕೆಂದು ಗೊತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಒತ್ತಿದ. ಕಡಲೆಕಾಯಿ ಬಿಡಿಸುವವನಂತೆ ಒತ್ತಿದ. ಅಪ್ಪ ಮಗಳು ಹೂಡಿದ ಉಪಾಯಗಳಿಗೆಲ್ಲ ಜಗ್ಗದಿದ್ದ ಕಲ್ಲುರಾಕ್ಷಸ ಈ ಹುಚ್ಚು ಕತ್ತಿಗೆ ಕಕ್ಕಾಬಿಕ್ಕಿಯಾದ. ಸುಬ್ರಹ್ಮಣ್ಯನಿಗೆ ಹರಳೆಣ್ಣೆಯ ತೆರೆಯಾಚೆ ಬೂದು ಬಣ್ಣವೊಂದು ಅಲ್ಲಾಡಿ, ಕುಸಿದು, ಕಿತ್ತಳೆ ಬಣ್ಣವಾದದ್ದಷ್ಟೇ ಕಂಡಿತು.

"ಏನಾಯ್ತು?" ಎಂದ.

"ಬಿದ್ದ ಕಣೋ. ಬೆಂಕಿ ಹತ್ಕೊಂತು. ಯಾರೋ ಅಜ್ಜಿ ಬಂದು ಇಬ್ಬರ ತಲೆ ಸವರಿದ್ಳು, ಏನೋ ಅಂದ್ಳು. ಈಗ ಹೆಸರುಗಳು ಬರ್ತಾ ಇವೆ."

ಅಜ್ಜಿ ಏನೆಂದಳೆಂದು ಸುಬ್ರಹ್ಮಣ್ಯ ಕೇಳಿದ. ಇಂಗ್ಲಿಷಿನಲ್ಲಿ ಬರೆದು ಬಂತು, ಓದುವಷ್ಟರಲ್ಲಿ ಹೋಯಿತು ಎಂದ ಭಾನುಪ್ರಕಾಶ. ಆಮೇಲೂ ಅವನು ಏನೇನೋ ಒತ್ತುತ್ತಲೇ ಇದ್ದ. ಸುಬ್ರಹ್ಮಣ್ಯ ಎದ್ದುಹೋಗಿ ಅಡುಗೆಮನೆಯ ನಲ್ಲಿಯ ಕೆಳಗೆ ತಲೆಯೊಡ್ಡಿ ನಿಂತ. ಕಣ್ಣು ತೊಳೆದಷ್ಟೂ ನೀರು ಬರುತ್ತಿತ್ತು. ಯಾವುದು ನಲ್ಲಿಯದು ಎಂದು ಹೇಳುವಂತಿರಲಿಲ್ಲ.

ಭಾನುಪ್ರಕಾಶ ಖುಷಿಯಿಂದ ಹೊರಟುಹೋದ ಸ್ವಲ್ಪ ಹೊತ್ತಿಗೇ ಸುಕೃತಿ ಬಂದಳು. ಕಾಲೇಜು ಬಿಡುವ ಹೊತ್ತಾಗಿರಲಿಲ್ಲ. ಅವಳ ಕೈಯಲ್ಲಿ ಚಿಪ್ಸ್ ಪೊಟ್ಟಣವಿತ್ತು, ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದ ಕಳೆಯಿತ್ತು.

"ಅಟ್ಟದ ಮೇಲೆ ಗಂಟು ಇರ್ಲಿಲ್ಲ, ಬೆಳಿಗ್ಗೆನೇ ನೋಡ್ದೆ," ಎಂದಳು. "ಅಮ್ಮ ಇದ್ರಲ್ಲ, ಅದಕ್ಕೆ ನೀನು ಬಾಯಿಬಿಡ್ತಿಲ್ಲ ಅನ್ಕೊಂಡೆ. ನಂಗೂ ಕಣ್ಣು ಚುಚ್ತಿದೆ ಅಂತ ಲೆಕ್ಚರರ್‌ಗೆ ಹೇಳಿ ಬಂದ್ಬಿಟ್ಟೆ. ಬಾಪ್ಪ, ಶುರು ಮಾಡೋಣ."

ಅವಳು ಬ್ಯಾಗನ್ನೂ ಇಳಿಸದೆ ಚಾಪೆಯ ಮೇಲೆ ಕೂತು ಕಂಟ್ರೋಲರ್ ಎತ್ತಿಕೊಂಡಳು. ಸುಬ್ರಹ್ಮಣ್ಯನಿಗೆ ಸುಳ್ಳು ಹೇಳಲು ಆ ದಿನದಲ್ಲಿ ಮತ್ತೆ ಧೈರ್ಯ ಬರಲಿಲ್ಲ. ನಡೆದದ್ದನ್ನು ತಡವರಿಸುತ್ತಾ ಹೇಳಿದ. ಸುಕೃತಿ ಕೇಳಿದಳು. ಅದಕ್ಕೇನಂತೆ, ರಾಕ್ಷಸನ ಮುಂದೆ ಸೇವ್ ಮಾಡಿಟ್ಟದ್ದು ಇದೆಯಲ್ಲ, ಅಲ್ಲಿಂದ ಮತ್ತೆ ಆಡೋಣ ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು.

ಅವಳು ಸೇವ್ ತೆರೆದಳು. ಅಲ್ಲಿದ್ದದ್ದು ಒಂದೇ. ಅದು ಮೊದಲನೆಯ ಹಳ್ಳಿ, ಮೊದಲನೆಯ ಬೆಳಗು, ಅಣ್ಣ ತಂಗಿ ಇನ್ನೂ ಹೊಸ್ತಿಲು ದಾಟದೆ ನಿಂತಿದ್ದರು.

ಸುಬ್ರಹ್ಮಣ್ಯ ಭಾನುಪ್ರಕಾಶನಿಗೆ ಫೋನ್ ಮಾಡಿದ. ಹೌದು, ಕೊನೆಯಲ್ಲಿ ಹೊಸದಾಗಿ ಶುರು ಮಾಡಲೇ, ಹಳೆಯದರ ಮೇಲೆ ಬರೆಯಲೇ ಎಂದು ಏನೇನೋ ಕೇಳಿತು. ಇನ್ನೊಬ್ಬರ ಮನೆಯಲ್ಲಿ ಬೇಡ ಅನ್ನುವುದು ಸರಿಯಲ್ಲವೆಂದು ಎಲ್ಲದಕ್ಕೂ ಹೂಂ ಅಂದೆ ಎಂದು ಅವನು ವಿನಯದಿಂದ ಹೇಳಿದ.

ಸುಕೃತಿ ರೇಗಬಹುದು, ತಿವಿಯಬಹುದು ಎಂದು ಅವನು ಕಾದ. ಅವಳು ಕಂಟ್ರೋಲರಿನ ವೈರನ್ನು ನೀಟಾಗಿ ಸುತ್ತಿ ಕೆಳಗಿಟ್ಟಳು.

"ಪರವಾಗಿಲ್ಲ ಬಿಡಪ್ಪ. ನಂಗೂ ಪ್ರಿಪರೇಟರಿ ಹತ್ರ ಬಂತು," ಎಂದು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಪರಿಚಿತರ ಹತ್ತಿರ ಮಾತಾಡುವಷ್ಟು ಮೃದುವಾಗಿತ್ತು ಅವಳ ದನಿ.

ಒಂದೆರಡು ದಿನದಲ್ಲಿ ಸುಬ್ರಹ್ಮಣ್ಯನ ರೆಪ್ಪೆಗಳು ಬಿಡಿಸಿದರೂ ಬಿಡದಂತೆ ಅಂಟಿಕೊಂಡವು. ಭಾನುಪ್ರಕಾಶ ಮುಖ ಒರೆಸಿಕೊಂಡ ಟವೆಲ್ ತನ್ನ ಕೆಲಸ ಮಾಡಿತ್ತು. ಕಾರ್ಖಾನೆಯ ಡಾಕ್ಟರು ಒಂದು ವಾರ ಕಡ್ಡಾಯ ರಜೆ ಬರೆದು, ಬೆಳಕು, ಟೀವಿ ಎರಡೂ ಕೂಡದೆಂದರು. ಪರೀಕ್ಷೆಯ ಹೊತ್ತಿನಲ್ಲಿ ಮಗಳಿಗೆ ಅಂಟಬಾರದೆಂದು ಸೀತಾಲಕ್ಷ್ಮಿ ಅವಳನ್ನು ಪುಸ್ತಕಗಳ ಸಮೇತ ರಾಜಾಜಿನಗರದ ತಂಗಿಯ ಮನೆಗೆ ಕಳಿಸಿದಳು.

ಕತ್ತಲೆ ಮಾಡಿದ ಕೋಣೆಯಲ್ಲಿ ಸುಬ್ರಹ್ಮಣ್ಯ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಹಾಲಿನಿಂದ ಮೊದಲನೆಯ ಹಳ್ಳಿಯ ಸಂಗೀತ ಕೇಳಿಬರುತ್ತಿತ್ತು. ಕಣ್ಣು ಹೆಚ್ಚುಕಡಿಮೆ ವಾಸಿಯಾಗಿದ್ದ ಭಾನುಪ್ರಕಾಶ, ರೋಗಿಗೆ ಬೇಸರವಾಗದಿರಲೆಂದು ದಿನವೂ ಬರತೊಡಗಿದ್ದ.

"ಗುರು, ಸೇತುವೆ ಹತ್ರ ಬಂದಿದೀನಿ. ಹಾರೋಕೆ ಯಾವ್ದು?"

"ತ್ರಿಕೋನ," ಎಂದ ಸುಬ್ರಹ್ಮಣ್ಯ, ಗೋಡೆಯ ಕಡೆ ಹೊರಳಿಕೊಳ್ಳುತ್ತಾ.